ಬಣ್ಣದ ಸಿಕ್ಸ್ ಪ್ಯಾಕ್

...ನಗಬ್ಯಾಡ ಅಂದ್ನಲ್ಲ! ಯಾಕ್ಲಾ ನಗ್ತೀಯ ಕುಮಾರ? ನೀನು ನಕ್ರೆ ಹೊಟ್ಟೆ ಕುಣೀತದೆ, ಹೊಟ್ಟೆ ಕುಣುದ್ರೆ ನನ್ನ ಗೆರೆ ಸೊಟ್ಟ ಆಯ್ತದೆ. ನೋಡು, ಎಡಗಡೆ ಕಟ್ಟು ಬಲಗಡೆಗಿಂತ ಕೆಳಕ್ಕೆ ಇಳಿದೋಯ್ತು. ಇರು, ಎಣ್ಣೆ ಬಟ್ಟೇಲಿ ಒರೆಸ್ತೀನಿ. ಉಸುರು ಬಿಗಿ ಹಿಡಿ. ಹಾಂ... ಹಂಗೆ. ಅಳ್ಳಾಡ್ಬ್ಯಾಡ.

ತಣ್ಣಗೈತಾ? ತಡ್ಕೊ. ಗದೆ ಪಾರ್ಟು ನಂಗೇ ಬೇಕು, ಹೊಟ್ಟೆ ಮ್ಯಾಲೆ ಸಿಕ್ಸ್ ಪ್ಯಾಕೂ ಬೇಕು ಅಂದೋನು ನೀನೇ ತಾನೇ? ಈಗ ತಣ್ಣಗೈತೆ, ಕಚಗುಳಿ ಆಯ್ತದೆ ಅಂದ್ರೆ ನಾನೇನ್ ಮಾಡ್ಲಿ!

ಸಿಕ್ಸ್ ಪ್ಯಾಕ್ ಅಂತೆ, ಸಿಕ್ಸ್ ಪ್ಯಾಕು! ಸಿರಾ, ಕೊಳಾಲ, ಪಾವಗಡದ ಗಡಿ ಹಳ್ಳಿಗಳು... ನಾಟಕದೋರ ಮುಖಕ್ಕೆ ಬಣ್ಣ ಬಳೀತಾ ಬಳೀತಾ ನನ್ನ ತಲೆ ಬೆಳ್ಳಗಾಯ್ತು. ಒಬ್ಬನಾರ ಹೊಟ್ಟೆ ತೋರ್ಸು ಅಂದಿದ್ನಾ? ಮುಚ್ಚು ಮಾರಾಯ ಅಂತಿದ್ರು! ಮುದ್ದೆ ಹೊಟ್ಟೆ ಮ್ಯಾಲೆ ಕವಚ ಬಿಗ್ದು, ಮೀಸೆ ಅಂಟ್ಸಿ, ಬೆನ್ನು ತಟ್ಟಿ ಸ್ಟೇಜಿಗೆ ತಳ್ಳಿದ್ರೆ ಮುಗೀತು. ಈಗ ಎಲ್ರ ಕೈಯಾಗೂ ಮೊಬೈಲು. ವಿಡಿಯೋದಾಗೆ ಹೊಟ್ಟೆ ಕಾಣ್ಬೇಕು!

ನೀನೊಬ್ಬ ಬ್ಯಾರೆ. ನಿಂದು ಆವಾಗ್ಲೂ ಕಾಣ್ತಿತ್ತು. ಬೆಳಿಗ್ಗೆ ಎದ್ದು ಈ ಮಧುಗಿರಿ ಬೆಟ್ಟ ಹತ್ತಿ ಇಳಿಯೋದು, ಆಮ್ಯಾಕೆ ನಿಮ್ಮಪ್ಪನ ಅಂಗಡಿ ಮುಂದೆ ಸಿಮೆಂಟ್ ಮೂಟೆ ಇಳ್ಸೋದು. ಜಿಮ್ ಇಲ್ಲ, ಪೌಡ್ರು ಇಲ್ಲ. ಪಾವಗಡದಾಗೆ ನೀನು ಮೊದಲ್ನೇ ಸಲ ಅಂಗಿ ಇಲ್ದೆ ಸ್ಟೇಜಿಗೆ ಬಂದಾಗ ಆ ಜನ ತೆಲುಗಿನಾಗೆ ಏನ್ ಕೂಗಿದ್ರು, ನೆಪ್ಪೈತಾ? ‘ಏಮಿ ಬಾಡಿ ರಾ ನಾಯನಾ!’ ಏನ್ ಮೈಕಟ್ಟಪ್ಪಾ ಅಂತ. ನನ್ನ ತಂಗಿ ಭುವನಾ ಹೆಂಗಸ್ರ ಸಾಲಿನಾಗೆ ಕೂತಿದ್ಲು. ಆವತ್ತೇ ಬಿದ್ದೋದ್ಲು ನಿಂಗೆ. ಅಣ್ಣಂಗೆ ಗೊತ್ತಿಲ್ಲ ಅಂದ್ಕೊಂಡವ್ಳೆ ಇವತ್ತಿಗೂ!

ಅಗೋ, ಮತ್ತೆ ನಗ್ತಾನೆ. ಈ ನಗು ಒಂದು ಹಂಗೇ ಐತೆ ನೋಡು ನಿಂದು.

ಭುವನಾ ಬಂದವ್ಳೆ ಕಣ್ಲಾ, ಮುಂದ್ಗಡೆ ಸಾಲಿನಾಗೇ ಕೂತವ್ಳೆ. ಫ್ಲಾಸ್ಕಿನಾಗೆ ಗಂಜಿ ತಂದವ್ಳೆ. ‘ಸಿದ್ದಗಂಗಣ್ಣ, ಈ ಸಲ ಬ್ಯಾಡ ಅಂತ ನೀನಾರ ಹೇಳು, ಗದೆ ಎತ್ತಾಕೆ ತ್ರಾಣ ಎಲ್ಲೈತೆ’ ಅಂತ ಬೆಳಿಗ್ಗೆಯಿಂದ ನನ್ನ ಜೀವ ತಿಂದ್ಲು. ಹೆಂಗಸ್ರೇ ಹಂಗೆ. ಗ್ಯಾಸ್ಟ್ರಿಕ್ಕಿಗೆ ಯಾರಾರ ಇಷ್ಟೊಂದು ಹೆದರ್ತಾರಾ?

ಎದೆಯಿಂದ ಕೆಳಕ್ಕೆ ಬತ್ತೀನಿ ಈಗ, ಸೆಟೆದು ಕೂತ್ಕೊ. ಸ್ಟೇಜಿನ ಬೆಳಕು ಮ್ಯಾಲಿಂದ ಬೀಳೋದಲ್ವಾ, ಅದಕ್ಕೆ ಕಂದು ಬಣ್ಣ ಕೆಳಗೆ, ತಿಳೀದು ಮ್ಯಾಲೆ. ನಡುವೆ ಹೆಬ್ಬೆಟ್ಟಲ್ಲಿ ತೀಡ್ಬೇಕು, ಇಲ್ದಿದ್ರೆ ಹಲಗೆ ಮ್ಯಾಲೆ ಬರ್ದಂಗೆ ಕಾಣ್ತದೆ. ನನ್ನ ಹೆಬ್ಬೆಟ್ಟಿಗೆ ನಿನ್ನ ಪಕ್ಕೆಲುಬು ಸಿಗ್ತದೆ... ಇರ್ಲಿ ಬುಡು. ಮುಂದೆ ಕೂತೋರಿಗೆ ಬಣ್ಣ ಕಾಣ್ತದೆ, ಮೂಳೆ ಕಾಣಲ್ಲ.

ಆ ಗೌಡಗೆರೆ ಹುಡ್ಗ, ನವೀನ್ ಕುಮಾರ್, ಇವತ್ತು ನಿನ್ನೆದುರು ಗದೆ ಹಿಡಿಯೋನು... ಅವಂಗೆ ಬಣ್ಣಾನೇ ಬ್ಯಾಡ. ಉಪ್ಪು ಬಿಟ್ಟವ್ನೆ, ಮುದ್ದೆ ಬಿಟ್ಟವ್ನೆ, ಮೊಟ್ಟೆ ಬಿಳೀದು ಮಾತ್ರ ತಿಂತಾನೆ. ಹೊಟ್ಟೆ ಹೆಂಚು ಜೋಡ್ಸಿದಂಗೈತೆ. ನಿನ್ನೆ ಪ್ರಾಕ್ಟೀಸಿನಾಗೆ ನೀನು ಅಂಗಿ ಬಿಚ್ಚಿದ್ಯಲ್ಲ, ಆವಾಗ ನನ್ನ ಪಕ್ಕಕ್ಕೆ ಕರ್ದು ಕೇಳ್ದ, ‘ಕುಮಾರಣ್ಣ ಏನ್ ಡಯಟ್ ಮಾಡ್ತಾರೆ ಅಣ್ಣ? ಮೈಯಾಗೆ ಒಂದ್ ಚೂರೂ ಕೊಬ್ಬಿಲ್ವಲ್ಲ! ನಂಗೂ ಹೇಳ್ಕೊಡ್ಸಿ.’

ನಾನಾ? ರಾಗಿ ಗಂಜಿ ಕಣಪ್ಪ ಅಂದೆ. ನಕ್ಕೆ. ನಗ್ದೆ ಇನ್ನೇನ್ ಮಾಡ್ಲಿ ಕುಮಾರ? ಏನ್ ಮಾಡ್ಲಿ ಹೇಳು...

ಏನಿಲ್ಲ, ಪೌಡ್ರು ಗಂಟ್ಲಿಗೆ ಹೋಯ್ತು. ಕೆಮ್ಮು.

ಈ ಪ್ಲಾಸ್ಟರ್ ಕೀಳಾಕಿಲ್ಲ, ಅದರ ಮ್ಯಾಲೇ ಹಚ್ಬುಡ್ತೀನಿ. ನೋವೈತಾ? ಇಲ್ವಾ? ಸರಿ. ಹೊಟ್ಟೆಗೆ ಸೂಜಿ ಯಾಕೆ ಹಾಕಿದ್ರು ಅಂದ್ರೆ... ಗ್ಯಾಸು ಎಷ್ಟು ತುಂಬೈತೆ ಅಂತ ನೋಡಾಕೆ ಕಣ್ಲಾ. ನಾನೇನು ಡಾಕ್ಟ್ರಾ? ಆ ತುಮಕೂರು ಡಾಕ್ಟ್ರು ನಿನ್ನೂ ಭುವನಾನೂ ಆಚೆ ಕೂರ್ಸಿ ನನ್ನೊಬ್ನೇ ಒಳಕ್ಕೆ ಕರೆದು ಹೇಳಿದ್ದು ಅಷ್ಟೇಯ. ಖಾರ ಬುಡ್ಲಿ, ಹೊತ್ತೊತ್ತಿಗೆ ಉಣ್ಲಿ ಅಂತ. ಅಷ್ಟು ಹೇಳಾಕೆ ಅಷ್ಟೊತ್ತು ಬೇಕಾ ಅಂತೀಯ? ಅವ್ರಿಗೆ ಕನ್ನಡ ಸರಿಯಾಗಿ ಬರಾಕಿಲ್ಲ, ಹೇಳಿದ್ದನ್ನೇ ಹೇಳಿದ್ರು. ಕಣ್ಣು? ನನ್ನ ಕಣ್ಣು ಕೆಂಪಗಿತ್ತಾ? ಎಸಿ ಕಣ್ಲಾ, ಎಸಿ ಗಾಳಿ ನಂಗಾಗಲ್ಲ. ನೀನೊಳ್ಳೆ ಪೊಲೀಸ್ನೋನಂಗೆ ಕೇಳ್ತೀಯ!

ಮುಖಕ್ಕಾ? ಬತ್ತೀನಿ, ಬತ್ತೀನಿ. ಇವತ್ತು ಹೊಟ್ಟೆ ಮೊದ್ಲು. ಹೊಟ್ಟೇದು ಕೆಲ್ಸ ಜಾಸ್ತಿ ಐತೆ, ಅದಕ್ಕೆ.

ಹೌದು, ಗೊತ್ತು ನಂಗೂ. ಯಾವತ್ತೂ ಮುಖಾನೇ ಮೊದ್ಲು. ನಮ್ ನಾಟಕದ ಮೇಷ್ಟ್ರು ಹಾಕ್ಕೊಟ್ಟ ಕಟ್ಟಳೆ ಅದು. ಬಣ್ಣ ಹಚ್ಚೋನು ಹಣೆಗೆ ಕೆಂಪು ಬೊಟ್ಟಿಟ್ಟು ಕೈ ಮುಗೀಬೇಕು, ಅಲ್ಲಿಂದ ಬಣ್ಣ ತೊಳ್ಯೋಗಂಟ ಅದು ದೇವ್ರ ಮುಖ. ಅದರ ಮುಂದೆ ಸುಳ್ಳಾಡಂಗಿಲ್ಲ. ಆಡಿದ್ರೆ ಆ ಕೈಯಾಗೆ ಮತ್ತೆ ಬಣ್ಣ ಏಳಾಕಿಲ್ಲ ಅಂತಿದ್ರು.

ಪರಮೇಶಿ ಕಥೆ ನೆಪ್ಪೈತಾ? ರಾಣಿ ಪಾರ್ಟಿಗೆ ಬಣ್ಣ ಹಚ್ಕೊಂಡು ಕೂತಿದ್ದ. ‘ನಮ್ಮವ್ವ ಹೆಂಗವ್ಳೆ?’ ಅಂತ ಕೇಳ್ದ. ಆಸ್ಪತ್ರೆಯಿಂದ ಆಗ್ಲೇ ಸುದ್ದಿ ಬಂದಿತ್ತು. ನಾವೆಲ್ಲ ನೆಲ ನೋಡ್ಕೊಂಡು ನಿಂತ್ವಿ. ಮೇಷ್ಟ್ರು ಮಾತ್ರ ಕೈ ಮುಗ್ದು ಇದ್ದಿದ್ದು ಇದ್ದಂಗೆ ಹೇಳ್ಬುಟ್ರು. ಪರಮೇಶಿ ಅತ್ತ. ಅತ್ತು, ಎದ್ದು, ಹೋಗಿ ಪಾರ್ಟು ಮಾಡ್ದ... ಅಂಥಾ ಗಟ್ಟಿ ಗುಂಡಿಗೆ ನಂಗಿಲ್ಲ ಕಣಪ್ಪ.

ಯಾಕ್ ಹಂಗ್ ನೋಡ್ತೀಯ? ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಹೊಟ್ಟೆ ಕೆಲ್ಸ ಜಾಸ್ತಿ ಇತ್ತು ಅಂತ ಹೇಳಿದ್ನಲ್ಲ!

ಆಯ್ತು. ಎದ್ದು ನಿಂತ್ಕೊ. ನಿಧಾನ... ನನ್ನ ಹೆಗಲು ಹಿಡ್ಕೊ. ಕನ್ನಡೀಲಿ ನೋಡು ಈಗ. ಆಹಾ! ಅದೇ ಕಟ್ಟು ಕಣ್ಲಾ, ಪಾವಗಡದಾಗೆ ಇತ್ತಲ್ಲ, ಅದೇ! ಸ್ಟೇಜಿನ ಕೆಳಗಿಂದ ನೋಡಿದ್ರೆ ಒಂದು ದಿನಾನೂ ವಯಸ್ಸಾಗಿಲ್ಲ ನಿಂಗೆ. ಭುವನಾ ನೋಡ್ಲಿ. ಇವತ್ತೊಂದು ದಿನ ಅವ್ಳು ಹಿಂಗೆ ನೋಡ್ಲಿ ನಿನ್ನ...

ಇವತ್ತೊಂದು ದಿನ ಅಂದ್ನಾ? ಸುಮ್ಕೆ ಬಾಯಿಗೆ ಬಂತು. ಹಂಗಂದ್ರೇನು, ನಾಟಕ ದಿನಾ ಇರ್ತದಾ?

ಏಯ್... ಆ ಕೆಂಪು ಡಬ್ಬಿ ಯಾಕೆ ತಗೊಂಡೆ? ಅದು ನನ್ನ ಕೆಲ್ಸ. ಇಲ್ಲಿ ಕೊಡು. ಕುಮಾರ... ಬ್ಯಾಡ ಕಣ್ಲಾ. ಹಣೆಗೆ ಇಟ್ಕೋಬ್ಯಾಡ, ನಿನ್ನ ಕೈಯಾರೆ ನೀನು ಇಟ್ಕೋಬಾರ್ದು, ನಾನು...

ಇಟ್ಕೊಂಡ್ಬುಟ್ಯಾ.

ಸರಿ. ಕೇಳು. ಅದೇನು ಕೇಳ್ಬೇಕೋ ಕೇಳು.

ಕನ್ನಡಿ ಬುಟ್ಟು ನನ್ನನ್ನೇ ಯಾಕೆ ನೋಡ್ತೀಯ? ಇಷ್ಟೊತ್ತು ಸೂಜಿ ಯಾಕೆ, ಕಣ್ಣು ಯಾಕೆ ಅಂತ ನನ್ನ ಹಿಂಡಿದ್ಯಲ್ಲ! ಈಗ ಕೇಳು! ಅದೇ ಕಣಪ್ಪ, ಗ್ಯಾ... ಬರೀ ಗ್ಯಾಸ್...

ಬರಾಕಿಲ್ಲ ಕುಮಾರ. ಬೊಟ್ಟಿಟ್ಟ ಮುಖದ ಮುಂದೆ ಆ ಮಾತು ಬಾಯಿಗೇ ಬರಾಕಿಲ್ಲ.

...ನಿಂಗೆ ಗೊತ್ತಿತ್ತು. ಅಲ್ವಾ? ಅದಕ್ಕೇ ಈ ಸಲ ಪಾರ್ಟು ನಂಗೇ ಬೇಕು ಅಂತ ಹಠ ಹಿಡ್ದೆ. ನಾನು ನಿಂಗೆ ಗೊತ್ತಾಗ್ಬಾರ್ದು ಅಂತ ನಗ್ತಿದ್ದೆ, ನೀನು... ನೀನು ಯಾಕ್ ನಗ್ತಿದ್ದೆ ಕಣ್ಲಾ? ನಾನು ಅಳ್ತೀನಿ ಅಂತಾನಾ?

ಗಡ್ಡೆ ಹೊಟ್ಟೆ ತುಂಬ ಹರಡ್ಬುಟ್ಟೈತಂತೆ ಕಣ್ಲಾ. ಕೊಯ್ಯಾಕೂ ಆಗಲ್ಲ ಅಂದ್ರು. ನಾಟಕ ಮುಗೀಲಿ, ನೀನು ಬಣ್ಣ ತೊಳ್ಕೊಳ್ಲಿ, ಆಮ್ಯಾಕೆ ಹೇಳಾನ ಅಂತಿದ್ದೆ. ಭುವನಾಗೂ ಹೇಳಿಲ್ಲ ನಾನು. ಗಂಜಿ ಕುಡುದ್ರೆ ಮೈ ತುಂಬ್ಕೊಳ್ತೀಯ ಅಂದ್ಕೊಂಡವ್ಳೆ. ನಾನು ಹೆಂಗೆ ಹೇಳ್ಲಿ? ಅವ್ಳನ್ನ ನಿಂಗೆ ಕೊಟ್ಟು ನಿನ್ನ ಮನೆ ತುಂಬ್ಸಿದೋನೇ ನಾನು, ಯಾವ ಬಾಯಾಗೆ ಹೇಳ್ಲಿ ಅವ್ಳಿಗೆ?

ಬೈದಾದ್ರೂ ಬುಡು ನನ್ನ...

ಬೆಲ್ ಹೊಡೆದ್ರು. ಕೂತ್ಕೊ, ಮುಖ ಹಂಗೇ ಬಿಟ್ಟು ಕಳ್ಸಾಕೆ ಆಗಲ್ಲ. ಇಗೋ, ಕೈ ಮುಗ್ದೆ. ನಿನ್ನ ಗಲ್ಲ ಗಟ್ಟಿ ಹಿಡ್ಕೊಳ್ತೀನಿ.

ಕಣ್ಣು ಮುಚ್ಕೊ ಕುಮಾರ. ನೀನು ಹಿಂಗೆ ನನ್ನನ್ನೇ ನೋಡ್ತಾ ಕೂತ್ರೆ ಬಣ್ಣ ಹಚ್ಚೋದು ಹೆಂಗೋ?