ಡಾಬಕಾದ ಮಕ್ಸೂದರ ಕೊನೆಯ ನುಡಿ

ಸಭೆಯ ಅಧ್ಯಕ್ಷರಾದ ಹಿರಿಯ ಕಾಶೀನಾಥ ಅವರೇ, ನನ್ನ ಪುಸ್ತಕವನ್ನು ಬಿಡುಗಡೆ ಮಾಡಿ ಮೂವತ್ತೈದು ನಿಮಿಷ ನನ್ನನ್ನು ಹೊಗಳಿದ ಮುಖ್ಯ ಅತಿಥಿಗಳೇ, ಭಾಲ್ಕಿ, ಔರಾದಗಳಿಂದ ಬಸ್ಸು ಹಿಡಿದು ಬಂದ ಬಂಧುಗಳೇ, ಊಟದ ವಾಸನೆ ಬಂದರೂ ಕುರ್ಚಿ ಬಿಡದ ಬೀದರದ ಸಭಿಕರೇ,

ಹಾರ ಭಾರ, ಮಾತು ಹಗುರ. ಸನ್ಮಾನದ ನಿಯಮ ಅದು. ಇವತ್ತು ನನ್ನ ಪಾಲಿಗೆ ತಿರುವುಮುರುವಾಗಿದೆ.

ಇಪ್ಪತ್ತೆರಡು ವರ್ಷ ಕಲಬುರಗಿಯ ಪತ್ರಿಕೆಯೊಂದಕ್ಕೆ ‘ಕಣ್ಣಾರೆ ಕಿವಿಯಾರೆ’ ಎಂಬ ಅಂಕಣ ಬರೆದೆ; ಈ ಪುಸ್ತಕ ಅದರ ಆಯ್ದ ಬರಹಗಳು. ಸಿನಿಮಾ, ಸಂಗೀತ, ಪುಸ್ತಕ, ಜತೆಗೆ ಮಠದ ಭಜನೆ, ದರ್ಗಾದ ಕವ್ವಾಲಿ. ಭಾಲ್ಕಿಯಲ್ಲಿ ಕನ್ನಡ ಮಾಧ್ಯಮದ ಬಿ.ಎ. ಮುಗಿಸಿದವನಿಗೆ ಎರಡೇ ದಾರಿ ಎನ್ನುತ್ತಿದ್ದರು ನಮ್ಮಪ್ಪ: ಸಾಲಿಯಲ್ಲಿ ಮಾಸ್ತರಿಕೆ, ಇಲ್ಲದಿದ್ದರೆ ಊರ ಮೇಲೆ ಟೀಕೆ. ನನಗೆ ಮಾಸ್ತರಿಕೆ ಸಿಗಲಿಲ್ಲ. ನಂಬಿಕೆಯ ಬಗ್ಗೆಯೂ ಬಹಳ ಬರೆದೆ. ಗುಡಿಯಲ್ಲಿ ಹುಡುಕಿದೆ, ದರ್ಗಾದಲ್ಲಿ ಹುಡುಕಿದೆ. ನನ್ನ ಮೇಲೇ ಒಬ್ಬರು ನಂಬಿಕೆ ಇಟ್ಟು ಕಾಯುತ್ತಿದ್ದಾರೆ ಎಂಬುದು ನನಗೆ ತಿಳಿಯಲೇ ಇಲ್ಲ.

ಅಧ್ಯಕ್ಷರು ಈಗಷ್ಟೇ ನಲವತ್ತೊಂದನೆಯ ಪುಟ ಓದಿದರು. “ಕೊರಳು ಅವರದು, ಕರಗಿದ ಕರುಳು ನಮ್ಮದು. ಕೊನೆಯ ನುಡಿ ಏರಿದಾಗ ಸಭೆಯಲ್ಲಿ ಕಣ್ಣು ಒರೆಸಿಕೊಳ್ಳದವರಿರಲಿಲ್ಲ.” ನೀವು ಚಪ್ಪಾಳೆ ತಟ್ಟಿದಿರಿ. ಎರಡನೆಯ ಸಾಲಿನಲ್ಲಿ ಒಬ್ಬರು ತಟ್ಟಲಿಲ್ಲ. ಅವರು ಕುಲಸುಮಬೀ. ಆ ಕೊರಳಿನ ಒಡೆಯ, ಡಾಬಕಾದ ಮಕ್ಸೂದ ಅವರ ಹೆಂಡತಿ.

ಮಕ್ಸೂದ ಔರಾದದ ಸಂತೆಯಲ್ಲಿ ಬಳೆ ಮಾರುತ್ತಿದ್ದರು. ಮೊಹರಮ್ಮಿನಲ್ಲಿ ಅಲಾವಿಯ ಬೆಂಕಿಕುಂಡದ ಮುಂದೆ, ಶ್ರಾವಣದಲ್ಲಿ ಮಠದೊಳಗೆ ಹಾಡುತ್ತಿದ್ದರು. ಓದು ಬರಹ ಬಾರದು. ಸಂತೆಯ ದಾರಿಯಲ್ಲಿ ನಡೆಯುತ್ತ ಪದ ಕಟ್ಟಿ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಇಪ್ಪತ್ತು ವರ್ಷಗಳ ಹಿಂದೆ ಒಂದು ಶನಿವಾರ, ಇದೇ ಬೀದರದಲ್ಲಿ, ಸಂಜೆ ಆರಕ್ಕೆ ಅವರ ಗಾಯನವಿತ್ತು.

ನನ್ನ ಅಂಕಣದ ಲಕೋಟೆ ನಾಲ್ಕು ಗಂಟೆಯ ಕಲಬುರಗಿ ಬಸ್ಸಿಗೆ ಹೋಗಬೇಕಿತ್ತು. ಆಮಂತ್ರಣ ಪತ್ರಿಕೆ ನೋಡಿ ವಿಮರ್ಶೆ ಬರೆಯುವ ವಿದ್ಯೆ ನಮ್ಮಲ್ಲಿ ಹಲವರಿಗೆ ಗೊತ್ತು. ಹೆಸರು, ತಾರೀಖು, ಸ್ಥಳ ಅದರಲ್ಲೇ ಇರುತ್ತವೆ. ಕಣ್ಣೀರನ್ನು ನಾವು ಹಾಕುತ್ತೇವೆ. ನಾನೂ ಹಾಕಿದೆ. ಆರು ಗಂಟೆಗೆ ಟಾಕೀಸಿನಲ್ಲಿದ್ದೆ. ಒಮ್ಮೆಯೂ ನೋಡಬಾರದು ಎಂದು ನಾನೇ ಬರೆದಿದ್ದ ಚಿತ್ರವನ್ನು ಮೂರನೆಯ ಸಲ ನೋಡುತ್ತಿದ್ದೆ.

ಅಂದು ತಬಲಾಕ್ಕೆ ಕೂತಿದ್ದ ಧೊಂಡಿಬಾ ಸೋಮವಾರ ಬಜಾರಿನಲ್ಲಿ ಸಿಕ್ಕರು.

“ಏನ್ ಬರದೀರಿ ಸರ? ಕೊನೀ ಪದದ್ದು ಒಂದ್ ಸಾಲ ಅಂದ್ರು, ಕೊರಳ ಹಿಡೀತು. ಆಮ್ಯಾಲ ಬಾಯಿ ಬಿಡಲೇ ಇಲ್ಲ. ಏಕತಾರಿ ಮೀಟ್ಕೋತ ಕುಂತ್ರು. ಮಂದಿ ಎದ್ದು ಹೋದ್ರು. ಕಣ್ಣ ಒರಸ್ಕೊಂಡಾವ ನಾ ಒಬ್ಬನೇ.”

ತಿದ್ದುಪಡಿ ಹಾಕಬಹುದಿತ್ತು. ಹಾಕಲಿಲ್ಲ. ಮುಂದಿನ ವಾರ ಮಕ್ಸೂದರೇ ನನ್ನ ಕೋಣೆಗೆ ಬಂದರು. ದನಿ ಹೋಗಿತ್ತು, ಬರೀ ಪಿಸುಮಾತು.

“ಸಾಬ, ಖರೇ ಹೇಳ್ರಿ. ಅವತ್ತ ನೀವ್ ಬಂದಿದ್ರಿ?”

“ಬಂದಿದ್ದೆ” ಎಂದೆ.

“ಹಂಗಾರ ನಿಮಗ ಕೇಳಿಸ್ಯದ. ನಾ ಒಳಗೊಳಗ ಪೂರಾ ಪದ ಹಾಡೀನ್ರಿ. ಒಬ್ಬರಿಗರ ಮುಟ್ಟೇದ, ಅಷ್ಟ ಸಾಕ್ರಿ.”

ಬಳೆಗಾರರು ಅಳತೆ ನೋಡುವಂತೆ ನನ್ನ ಮಣಿಕಟ್ಟನ್ನು ಮೆತ್ತಗೆ ಹಿಡಿದು, ಕಣ್ಣಿಗೆ ಒತ್ತಿಕೊಂಡು ಹೋದರು. ನಾಲ್ಕು ತಿಂಗಳಿಗೆ ತೀರಿಕೊಂಡರು. ಕೊರಳಲ್ಲಿ ಗಂಟಾಗಿತ್ತಂತೆ. ನಾನು ಮಣ್ಣಿಗೂ ಹೋಗಲಿಲ್ಲ. ಹೋಗದಿರುವುದು ನನಗೆ ರೂಢಿಯಾಗಿತ್ತು.

ಇವತ್ತು, ಕಾರ್ಯಕ್ರಮಕ್ಕೆ ಮೊದಲು, ಚಹಾ ಕುಡಿಯುವಾಗ ಕುಲಸುಮಬೀ ನನ್ನ ಬಳಿ ಬಂದರು.

“ಪುಸ್ತಕ ಬಂತಂತ ಬಂದೇನ್ರಿ ಸರ. ಬಾಗಲದಾಗ ಮಾರಾಕ ಇಟ್ಟಾರಲ್ರಿ, ಮೊಮ್ಮಗಳು ಫರ್ಹೀನ ಅಲ್ಲೇ ಆ ಪುಟ ಓದಿ ಹೇಳಿದಳು. ಎಲ್ಲಾ ನಿಮ್ಮ ಮಾತೇ ಅವ. ಅವರ ಪದ ಎಲ್ಲಿ ಅದ?”

ನಾನು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡೆ.

“ತತ್ವಪದದ ಕೊನೀಗಿ ಗುರುವಿನ ಹೆಸರ ಇಡ್ತಾರಲ್ರಿ? ಆ ಕೊನೀ ಪದದಾಗ ಗುರುವಿನ ಜೋಡಿ ನಿನ್ನ ಹೆಸರನೂ ಇಟ್ಟೀನಿ ಅಂದಿದ್ರು. ಮನ್ಯಾಗ ಹಾಡ್ರಿ ಅಂದ್ರ, ಮೊದಲ ಸಭಾದಾಗ ಅಂದ್ರು. ಆಮ್ಯಾಲ ಕೊರಳೇ ಹೋತು. ಪಿಸುಮಾತಿಗಿ ಪದ ಒಗ್ಗಂಗಿಲ್ಲ, ಬೀದರದ ಪೇಪರ್ ಸಾಬರು ಕೇಳ್ಯಾರ, ಅವರು ಪುಸ್ತಕದಾಗ ಬರದಿಡ್ತಾರ ಅಂತಿದ್ರು. ಆ ಕೊನೀ ನುಡಿ ಒಂದ್ಸಲ ಹೇಳ್ರಲ್ಲ. ನೀವ್ ಹಾಡೂದ್ ಬ್ಯಾಡ, ಹೇಳಿದ್ರ ಸಾಕು.”

“ಭಾಷಣದಾಗ ಹೇಳ್ತೇನ್ರಿ” ಎಂದೆ. ಹೇಡಿಗೆ ಅರ್ಧ ಗಂಟೆಯೂ ಆಸ್ತಿಯೇ.

ಆ ಅರ್ಧ ಗಂಟೆಯಲ್ಲಿ, ಮುಖ್ಯ ಅತಿಥಿಗಳು ನನ್ನ ಪ್ರಾಮಾಣಿಕತೆಯ ಬಗ್ಗೆ ಮಾತನಾಡುತ್ತಿದ್ದಾಗ, ನಾನು ನಾಲ್ಕು ಸಾಲು ಬರೆದೆ. ಇದೋ ಇಲ್ಲಿದೆ. ಮತ್ತೆ ಆಮಂತ್ರಣ ಪತ್ರಿಕೆಯೇ, ಅದರ ಬೆನ್ನು. ಕುಲಸುಮಕ್ಕೆ ಕುಸುಮ ತಾನಾಗಿ ಬಂದು ಕೂತಿತು. ಪ್ರಾಸ ಚೆನ್ನಾಗಿದೆ. ಓದಿದರೆ ನೀವು ಅಳುತ್ತೀರಿ, ಅವರು ನಂಬುತ್ತಾರೆ, ಮನೆಗೆ ಹೋಗಿ ಮೊಮ್ಮಗಳಿಗೆ ಕಲಿಸುತ್ತಾರೆ. ಆಮೇಲೆ ಡಾಬಕಾದಲ್ಲಿ ಮಕ್ಸೂದರ ಬಾಯಲ್ಲಿ ನಾನು ಕೂತುಬಿಡುತ್ತೇನೆ. ಓದದಿದ್ದರೆ? ಆ ತಾಯಿಯ ಹೆಸರಿದ್ದ ಒಂದೇ ಒಂದು ಪದ ಇವತ್ತು ಎರಡನೆಯ ಸಲ ಹೋಗುತ್ತದೆ.

ಯಾವುದು ದಯೆ, ಯಾವುದು ದ್ರೋಹ? ನಾಲ್ಕು ನೂರು ಕೃತಿಗಳಿಗೆ ತೀರ್ಪು ಕೊಟ್ಟವನಿಗೆ ಇದೊಂದು ತಿಳಿಯುತ್ತಿಲ್ಲ.

ಪತ್ರಿಕೆಯನ್ನು ಮಡಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದೇನೆ.

ಕುಲಸುಮಬೀ ಅವರೇ, ಅವತ್ತ ನಾ ಬಂದಿದ್ದಿಲ್ರಿ. ನಾ ಏನೂ ಕೇಳಿಲ್ರಿ. ನಿಮ್ಮವರು ನನ್ನ ಕೋಣೆಗಿ ಬಂದು ಕೇಳಿದಾಗ ಇಷ್ಟ ಹೇಳಿದ್ರ ಸಾಕಾಗಿತ್ತು. ಅವರಿಗೆ ಇನ್ನಾ ನಾಲ್ಕ ತಿಂಗಳ ಇತ್ತು. ಕೇಳಿದಾವ ಯಾರೂ ಇಲ್ಲಂತ ಗೊತ್ತಾಗಿದ್ರ, ಪಿಸುಮಾತಿನ್ಯಾಗರ ನಿಮ್ಮ ಕಿವ್ಯಾಗ ಹೇಳ್ತಿದ್ರು. ಅವರ ಕೊರಳ ಕಟ್ಟಿದ್ದು ರೋಗ. ಅವರ ಪದದ ಬಾಯಿ ಕಟ್ಟಿದ್ದು ನಾನು.

ಸಭಿಕರೇ, ಅಂದು ಹೊರಬಂದದ್ದು ಒಂದೇ ಸಾಲು. ಅದನ್ನು ನಾನು ಕೇಳಿದವನಲ್ಲ; ಧೊಂಡಿಬಾ ಕೇಳಿದವರು, ಆ ಸೋಮವಾರ ಬಜಾರಿನಲ್ಲಿ ನನಗೆ ಹೇಳಿದವರು. ಈ ಪುಸ್ತಕ ಎರಡನೆಯ ಮುದ್ರಣ ಕಾಣುವುದು ಅನುಮಾನ. ಕಂಡರೆ ನಲವತ್ತೊಂದನೆಯ ಪುಟದಲ್ಲಿ ಇಷ್ಟೇ ಇರಲಿ, ಉಳಿದ ಹಾಳೆ ಖಾಲಿ ಇರಲಿ:

“ಒಲಿ ಆರಿದರೂ ಬೂದಿ ಬೆಚ್ಚಗದ.”

ಇದಕ್ಕೆ ನಾನು ಪ್ರಾಸ ಹುಡುಕುವುದಿಲ್ಲ.

ಕರೆದವರಿಗೆ, ಹಾರ ಹಾಕಿದವರಿಗೆ, ಎಲ್ಲಕ್ಕಿಂತ ಮೊದಲು ಇಲ್ಲಿಗೆ ನಿಜವಾಗಿಯೂ ಬಂದು, ಕೂತು, ಕೇಳಿದವರಿಗೆ ನನ್ನ ವಂದನೆ. ನಮಸ್ಕಾರ.