ನಾನೂರು ಕಾಫಿ ಬೀಜ

ಎರಡು ಸಾವಿರದ ಐದರಲ್ಲಿ, ಮೂಡಿಗೆರೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಒಬ್ಬರು ತಮ್ಮ ಕಾಫಿ ಎಸ್ಟೇಟಿನಲ್ಲಿ ಹೋಂಸ್ಟೇ ನಡೆಸುವ ಸುಶೀಲಮ್ಮ, ಇನ್ನೊಬ್ಬಳು ಅವರ ವೆಬ್‌ಸೈಟಿಗೆ ಕಾಫಿ ಬೀಜ ಉದುರುವ ಫ್ಲ್ಯಾಶ್ ಅನಿಮೇಷನ್ ಮಾಡಿದ ಶೈಮಾ.

“ಶೈಮಾ, ನಮ್ಮ ಪೇಜ್ ತೆಗೆದ್ರೆ ಕಂಪ್ಯೂಟರ್ ನಿಂತೇ ಹೋಗುತ್ತಂತೆ. ಗೆಸ್ಟುಗಳು ರೂಮ್ ಬುಕ್ ಮಾಡೋದು ಹೇಗೆ?”

“ನಾನೂರು ಕಾಫಿ ಬೀಜ ಉದುರಿಸು ಅಂದಿದ್ದು ನೀವೇ ಅಲ್ವಾ ಅಮ್ಮ? ಪರದೆಯಿಂದ ಆಚೆ ಹೋದ್ರೂ ಕಂಪ್ಯೂಟರ್ ಅವನ್ನ ಇಳಿಸ್ತಾನೇ ಇರುತ್ತೆ. ಇನ್ಮೇಲೆ ಒಟ್ಟು ನಲವತ್ತೇ ಸಾಕು. ಬಿದ್ದಿದ್ದನ್ನೇ ಮತ್ತೆ ಮೇಲಿಂದ ಬಿಡ್ತೀನಿ.”

“ಬಿದ್ದಿದ್ದನ್ನೇನಾ? ನಮ್ಮ ಎಸ್ಟೇಟ್ ಮರ್ಯಾದೆ ಏನಾಗ್ಬೇಕು ಮಾರಾಯ್ತಿ!”

“ಯಾರಿಗೂ ಗೊತ್ತಾಗಲ್ಲ.”

“ಪಕ್ಕದ ಎಸ್ಟೇಟಿನವ್ರು ಕೂತು ಎಣಿಸ್ತಾರೆ!”

ಗೋಣಿಬೀಡಿನ ಬಸ್ ಬಂತು. ಸುಶೀಲಮ್ಮ ಹತ್ತಿ ಕೂತು, ಕಿಟಕಿಯಿಂದ ಕೂಗಿದರು:

“ಐವತ್ತಾದ್ರೂ ಮಾಡು! ನಲವತ್ತಂದ್ರೆ ಈ ವರ್ಷ ನಮಗೆ ಫಸಲೇ ಇಲ್ಲ ಅಂದ್ಕೋತಾರೆ!”