ಅಕ್ಟೋಬರಿನಲ್ಲಿ ಖಮೀಸಾಳ ಮದುವೆ

…ಅಕ್ಟೋಬರ್ ಅಂದೆ ಕಣೇ ರಾವ್ದಾ, ಆಗಸ್ಟ್ ಅಲ್ಲ! ಆಗಸ್ಟ್ ಸೆಕೇಲಿ ಅರವತ್ತೊಂದು ವರ್ಷದ ಹೆಂಗಸನ್ನ ಯಾರಾದ್ರೂ ಮದುವೆ ಬಟ್ಟೆಯೊಳಗೆ ತುಂಬ್ತಾರಾ? ಬೆಂದೇ ಹೋಗ್ತಾಳೆ, ಪಾಪ… ನಗು, ನಗು! ಅತ್ತೆ ಬಾಯಿ ತೆರೆದ್ರೆ ಸಾಕು, ನಿನಗೆ ತಮಾಷೆ. ನಗ್ತಾ ಇರು, ಆದ್ರೆ ಕೈ ನಿಲ್ಲಿಸಬೇಡ, ಕೆಲಸಕ್ಕೆ ರಜೆ ಹಾಕಿದ್ದು ಇದಕ್ಕೇ ಅಲ್ವಾ? ಬಿಸಿಲೇರೋದ್ರೊಳಗೆ ಈ ಕಿತ್ತಳೆ ಹೂವೆಲ್ಲ ಬಟ್ಟಿಗೆ ಹಾಕ್ಬೇಕು. ಎಂಟು ವರ್ಷ ಆಯ್ತು ನೀನು ಈ ನಬೂಲ್ ಊರಿಗೆ ಸೊಸೆಯಾಗಿ ಬಂದು, ಇನ್ನೂ ಮೀನಿನ ಮುಳ್ಳು ತೆಗೆದ ಹಾಗೆ ಹೂ ಬಿಡಿಸ್ತೀಯಲ್ಲೇ! ಹೀಗೆ… ತೊಟ್ಟು ಹಿಡಿ, ಬೆರಳು ಒತ್ತು, ಬಿತ್ತು. ಅಷ್ಟೇ.

ಯಾರ ಮದುವೆ ಅಂದ್ರೆ? ಆಗ್ಲೇ ಹೇಳಿದ್ನಲ್ಲ, ಖಮೀಸಾಳದ್ದು. ನಮ್ಮ ಹಿಂದಿನ ಬೀದಿ ಖಮೀಸಾ. ಅವಳು ನನ್ನ ಕೈ ಹಿಡ್ಕೊಂಡು, 'ಬೆಹಿಜಾ, ನನ್ನ ಕೈಕಾಲು ಆಡ್ತಿಲ್ಲ, ಯಾವ್ಯಾವ ತಿಂಗಳು ಏನೇನು ಮಾಡ್ಬೇಕು ಅಂತ ನೀನೇ ಒಂದು ಪಟ್ಟಿ ಮಾಡಿಕೊಡೇ' ಅಂದ್ಲು. ಅದಕ್ಕೇ ನಿನ್ನ ಕೇಳ್ತಿರೋದು. ನೀನು ಓದಿದೋಳು… ಯಾಕೆ, ತುಟಿ ಯಾಕೆ ಕಚ್ಕೊಂಡೆ? ಕೆಮ್ಮಾ? ನೀರು ಕುಡಿ.

ಈಗ ನೋಡು, ಏಪ್ರಿಲ್. ಏಪ್ರಿಲಲ್ಲಿ ಈ ಹೂನೀರು. ಮೊದಲು ಇಳಿಯೋ ಘಾಟಿನ ಎರಡು ಬಾಟ್ಲಿ ಮದುವೆ ಸಿಹಿಗೆ ಅಂತ ಎತ್ತಿಡೋದು. ಮೇ ತಿಂಗಳು ಬಟ್ಟೆ. ಬಿಳಿ ಬೇಡ ಅಂದಿದೀನಿ. ಬಿಳಿ ಉಟ್ರೆ ಊರೋರು ಮದುಮಗಳೋ ಹೆಣವೋ ಅಂತ ಕೇಳ್ತಾರೆ! ತಿಳಿ ಹಸಿರು, ಅಂಚಿಗೆ ಬೆಳ್ಳಿ ಜರಿ, ಸೊಂಟದ ಹತ್ರ ಸ್ವಲ್ಪ ಸಡಿಲ… ಸ್ವಲ್ಪ ಅಲ್ಲ, ಚೆನ್ನಾಗೇ ಸಡಿಲ. ಜೂನಲ್ಲಿ ಆಗಲ್ಲ, ಮಾಹೆರ್‌ನ ಶಾಲೇಲಿ ಪರೀಕ್ಷೆ. ಜುಲೈ, ಆಗಸ್ಟ್ ಅಂತೂ ಫ್ರಾನ್ಸಿಂದ ರಜೆಗೆ ಬಂದೋರ ಮದುವೆ, ತಾರಸಿ ತಾರಸಿ ಮೇಲೂ ಡೋಲು. ಒಬ್ಬ ಅಡುಗೆಯೋನೂ ಸಿಗಲ್ಲ. ಸೆಪ್ಟೆಂಬರಿಗೆ ಮೆಣಸಿನಕಾಯಿ. ಹರೀಸಾ ಖಾರ ಕುಟ್ಟಿ ಕುಟ್ಟಿ ಕೈ ಉರೀತಿರುತ್ತೆ, ಆ ಕೈಗೆ ಮೆಹಂದಿ ಹಚ್ಚೋಕಾಗುತ್ತಾ? ಅದಕ್ಕೇ ಅಕ್ಟೋಬರ್. ಸೆಕೆ ಹೋಗಿರುತ್ತೆ, ಮಳೆ ಬಂದಿರಲ್ಲ, ಕುರಿ ಮಾಂಸಾನೂ ಚೆನ್ನಾಗಿರುತ್ತೆ…

ಏನಂದೆ? ಖಮೀಸಾಳ ಮದುವೆಗೂ ಮಾಹೆರ್‌ನ ಪರೀಕ್ಷೆಗೂ ಏನು ಸಂಬಂಧಾನಾ?

ಅದು… ಅವನು ಬರ್ಬೇಕಲ್ವಾ? ಅಕ್ಕಪಕ್ಕದೋರು ನಾವು! ನನ್ನ ಮಗ ಲೆಕ್ಕದ ಮೇಷ್ಟ್ರು, ನಾಲ್ಕು ಜನರಲ್ಲಿ ಮರ್ಯಾದೆ ಇರೋನು. ಅವನು ಬರ್ದೇ ಇದ್ರೆ ಹೇಗೆ? ಪ್ರಶ್ನೆ ಕೇಳೋದೇ ಆಯ್ತು ನಿಂದು.

ವರಾನಾ? ಇದಾರೆ ಒಬ್ಬರು. ಒಳ್ಳೇವರು. ಹೆಂಡತಿ ತೀರಿಕೊಂಡು ಮೂರು ವರ್ಷ. ಮಾತು ಕಮ್ಮಿ. ಆದ್ರೆ ಒಂದೇ ಒಂದು ಮಾತಾಡ್ತಾರೆ ನೋಡು, ನಾನು ಹೊಟ್ಟೆ ಹಿಡ್ಕೊಂಡು… ಖಮೀಸಾ! ಖಮೀಸಾ ಹೊಟ್ಟೆ ಹಿಡ್ಕೊಂಡು ನಗ್ತಾಳಂತೆ. ಹಲ್ಲು? ಎಲ್ಲಾ ಅವರದ್ದೇ ಹಲ್ಲು! ಕೂದಲು… ಕೂದಲ ಮಾತು ಬಿಡು. ಟೋಪಿ ಹಾಕ್ತಾರೆ.

ಏಯ್, ಎಲ್ಲಿಗೆ ಎದ್ದೆ? ಖಮೀಸಾಳ ಮನೆಗಾ? ಶುಭಾಶಯ ಹೇಳೋಕಾ? ಬೇಡ! ಕೂತ್ಕೋ! ಕೂತ್ಕೋ ಅಂದೆ, ಹೂವೆಲ್ಲ ಚೆಲ್ಲುತ್ತೆ… ಏನು? ಖಮೀಸಾಗೆ…

ಅಯ್ಯೋ.

ಹೌದು. ಖಮೀಸಾಗೆ ಗಂಡ ಇದಾನೆ. ಮರೆತೇಬಿಟ್ಟಿದ್ದೆ ಕಣೇ! ದಿನಾ ಬೆಳಿಗ್ಗೆ ಬಾಗಿಲಲ್ಲಿ ಕೂತು ಕೆಮ್ತಾನೆ, ಆದ್ರೂ ನೆನಪಾಗ್ಲಿಲ್ಲ ನೋಡು ಆ ಪಾಪದ ಮನುಷ್ಯ. ಅದಕ್ಕೇನಾ ಆಗಿಂದ ತುಟಿ ಕಚ್ಕೊಂಡು ಕೂತಿದ್ದು? ಕಳ್ಳಿ! ಮೊದಲೇ ಹೇಳೋದಲ್ವಾ? ಮುದುಕಿ ಹಳ್ಳಕ್ಕೆ ಬೀಳ್ತಿದ್ರೆ ದಡದಲ್ಲಿ ನಿಂತು ನೋಡೋದಾ?

ಹ್ಞೂಂ. ನಾನೇ.

ನಾನೇ ಕಣೇ ಮದುಮಗಳು! ಅಜ್ಜಿಗೆ ಅರಿವೆ ಚಿಂತೆ ಅಂತಾರಲ್ಲ, ಇಲ್ಲಿ ಅಜ್ಜಿಗೇ ಗಂಡನ ಚಿಂತೆ. ಅರವತ್ತಕ್ಕೆ ಅರಳುಮರಳು ಅನ್ನು, ಏನಾದ್ರೂ ಅನ್ನು… ಶ್! ಶ್! ಮದುವೆ ಮನೇಲಿ ಕೂಗೋ ಹಾಗೆ ಲುಲುಲು ಅಂತ ಕೂಗ್ಬೇಡ, ಬೀದಿಯೆಲ್ಲ ಬಾಗಿಲಿಗೆ ಬರುತ್ತೆ! ಬಿಡೇ, ಉಸಿರು ಕಟ್ತಿದೆ, ಇಷ್ಟು ಜೋರಾಗಿ ಯಾರಾದ್ರೂ ತಬ್ಕೋತಾರಾ? ಕೆನ್ನೆಯೆಲ್ಲ ಹೂವಿನ ಅಂಟು… ನಿಜವಾಗ್ಲೂ ಖುಷೀನಾ? ನಿಜವಾಗ್ಲೂ? ಎದೆ ಮೇಲಿನ ಬಂಡೆ ಇಳೀತು ನೋಡು. ಮಾಹೆರ್‌ನ ಅಪ್ಪ ಹೋಗಿ ಹನ್ನೊಂದು ವರ್ಷ. ಹನ್ನೊಂದು ವರ್ಷ ನಾನು ಎಲ್ಲರ ಮದುವೇಲೂ ಸಿಹಿ ಕಟ್ಟಿದೀನಿ, ಎಲ್ಲರ ಕೈಗೂ ಮೆಹಂದಿ ಹಚ್ಚಿದೀನಿ. ಈಗ ನನ್ನ ಸರದಿ!

ಮಾಹೆರ್‌ಗೆ ಗೊತ್ತಿಲ್ಲ. ನೀನೇ ಹೇಳ್ಬೇಕು. ನಾನಾ? ನಾನು ಹೇಳಿದ್ರೆ ಅವನು ಕನ್ನಡಕ ತೆಗೀತಾನೆ, ಅಂಗಿ ತುದೀಲಿ ಒರೆಸ್ತಾನೆ, 'ಅಮ್ಮಾ, ಕೂತು ಮಾತಾಡೋಣ' ಅಂತಾನೆ. ಆ ಕನ್ನಡಕ ಒರೆಸೋದಿದೆಯಲ್ಲ, ಅದು ನೋಡಿದ್ರೇ ನನಗೆ ಬಾಯಿ ಒಣಗುತ್ತೆ. ಹೆತ್ತೋಳು ನಾನು, ಹೆದರೋಳೂ ನಾನೇ!

ಇರು, ಪಟ್ಟಿ ಇನ್ನೂ ಇದೆ. ಮದುಮಗಳ ಸ್ನಾನದ ಶಾಸ್ತ್ರಕ್ಕೆ ಊರಿನ ಸ್ನಾನದ ಮನೆಗೆ ಇಪ್ಪತ್ತು ಜನ ಸಾಕು. ನೀನು ಮುಂದೆ ನಿಂತು ಮೇಣದ ಬತ್ತಿ ಹಿಡೀಬೇಕು. ಮೆಹಂದಿ ಎರಡೇ ಬೆರಳಿಗೆ. ಊಟ ನಮ್ಮ ತಾರಸಿ ಮೇಲೆ, ಮೀನಿನ ಕುಸ್ಕುಸ್. ಮೀನಿಗೆ ಹೊರಗೆ ಹೇಳೋದೇ ಬೇಡ, ಅವರೇ ತರ್ತಾರೆ…

ಯಾರು ಅಂದ್ರೆ? ಮದುಮಗ.

ಹ್ಞೂಂ, ಸಮುದ್ರದ ಕಡೆಯವರು. ಊರಾ? ಊರು… ಹೂ ಬಿಡಿಸು, ಕೈ ನಿಲ್ಲಿಸ್ಬೇಡ. ಕೆಲಿಬಿಯಾ. ಹೌದು, ನಿಮ್ಮೂರೇ! ನೋಡಿದ್ಯಾ, ನಾನು ನಿಮ್ಮೂರಿಗೆ ಸೊಸೆಯಾಗ್ತೀನಿ, ನೀನು ನಮ್ಮೂರಿಗೆ. ಬಾಕಿ ತೀರಿತು! ಕಸುಬಾ? ಕಸುಬು… ದೋಣಿ ರಿಪೇರಿ. ಮರದ ದೋಣಿ.

ಯಾಕೆ ಕೈ ನಿಲ್ಲಿಸ್ದೆ?

ಕೆಲಿಬಿಯಾದಲ್ಲಿ ದೋಣಿ ರಿಪೇರಿ ಮಾಡೋರು ಒಬ್ಬರೇನಾ? ಹತ್ತು ಜನ ಇದಾರೆ. ಹೆಂಡತಿ ಹೋಗಿ ಮೂರು ವರ್ಷ ಆಗಿರೋರು… ಟೋಪಿ ಹಾಕೋರು… ಹ್ಞೂಂ. ಒಬ್ಬರೇ.

ಸೀ ತಿಜಾನಿ. ನಿಮ್ಮಪ್ಪ.

ಹಾಗೆ ನೋಡ್ಬೇಡ್ವೇ. ಮೊದಲು ನಗು, ಆಮೇಲೆ ಬೈಯುವೆಯಂತೆ. ನಗು ಬರಲ್ವಾ? ಬೀಗರು ಬೀಗರು ಜಗಳ ಆಡಿದ್ದು ಕೇಳಿದೀವಿ. ಊಟದ ಎಲೆ ಎದುರು ಮುನಿಸ್ಕೊಂಡಿದ್ದು ಕೇಳಿದೀವಿ. ಬೀಗರೇ ಮದುವೆಯಾಗೋದು ಎಲ್ಲಾದ್ರೂ ಉಂಟಾ? ನಾನು ನಿನಗೆ ಅತ್ತೇನೂ ಹೌದು, ಚಿಕ್ಕಮ್ಮನೂ ಹೌದು. ಗಂಡನ ಮೇಲೆ ಚಾಡಿ ಹೇಳೋಕೆ ತವರಿಗೆ ಹೋದ್ರೆ ಅಲ್ಲೂ ನಾನೇ ಬಾಗಿಲು ತೆಗೀತೀನಿ! ನಿಮ್ಮಪ್ಪ ಮಾಹೆರ್‌ಗೆ ಮಾವನೂ ಹೌದು, ಅಪ್ಪನೂ ಹೌದು. ಹಬ್ಬಕ್ಕೆ ನಿನ್ನ ಮಗಳನ್ನ ಎತ್ಕೊಂಡು ಎರಡೂರು ಸುತ್ತೋದು ತಪ್ಪುತ್ತೆ. ತಾತ, ಅಜ್ಜಿ ಒಂದೇ ಚಾಪೆ ಮೇಲೆ…

ನಗಲಿಲ್ಲ ನೀನು.

ಹೇಗಾಯ್ತು ಅಂತ ಕೇಳು. ಕೇಳಲ್ವಾ? ನಾನೇ ಹೇಳ್ತೀನಿ. ನಿನ್ನಮ್ಮ ವಸೀಲಾ ಹೋದ ಮೇಲೆ ಅವರು ಪ್ರತಿ ಶುಕ್ರವಾರ ಮೊಮ್ಮಗಳನ್ನ ನೋಡೋಕೆ ಬರ್ತಿದ್ರಲ್ಲ, ಕೈಯಲ್ಲಿ ಮೀನು ಹಿಡ್ಕೊಂಡು. ನೀವಿಬ್ರೂ ಕೆಲಸಕ್ಕೆ ಹೋಗಿರ್ತೀರಿ. ನಾನು ಮೀನು ತೊಳೀತಿದ್ದೆ, ಅವರು ಮಗು ಜೊತೆ ಆಡ್ತಿದ್ರು. ನಡುವೆ ಮಾತೇ ಇಲ್ಲ. 'ಉಪ್ಪು ಇದೆಯಾ?' 'ಇದೆ.' ಅಷ್ಟೇ. ಹೋದ ಸೆಪ್ಟೆಂಬರಿಂದ ಮಗು ಶುಕ್ರವಾರ ಈಜು ಕಲಿಯೋಕೆ ಹೋಗ್ತಿದೆಯಲ್ಲ, ಸಂಜೆ ಆರಕ್ಕೆ ಬರೋದು. ಮೊದಲ್ನೇ ಶುಕ್ರವಾರ ಹೇಳಿದೆ, 'ಸೀ ತಿಜಾನಿ, ಇನ್ನು ಮೇಲೆ ಮಗು ಮನೇಲಿರಲ್ಲ' ಅಂತ. 'ಆಗ್ಲಿ' ಅಂದ್ರು. ಮುಂದಿನ ಶುಕ್ರವಾರ ಮತ್ತೆ ಬಂದ್ರು. ಅದರ ಮುಂದಿನ ವಾರಾನೂ. ಆರಕ್ಕೆ ಮಗು ಬಂದ್ರೆ ಇವರು ಐದೂವರೆ ಬಸ್ಸಿಗೆ ಹೊರಟಾಗಿರುತ್ತೆ! ನವೆಂಬರಲ್ಲಿ ಕೇಳೇಬಿಟ್ಟೆ, 'ಮಗು ಇಲ್ವಲ್ಲ, ಮತ್ತೆ ಯಾರನ್ನ ನೋಡೋಕೆ ಬರ್ತೀರಿ?' ಟೋಪಿ ತೆಗೆದು ಮಂಡಿ ಮೇಲಿಟ್ಟುಕೊಂಡು ಹೇಳಿದ್ರು: 'ಬೆಹಿಜಾ, ನನ್ನ ಮನೇಲಿ ರೇಡಿಯೋ ಒಂದೇ ಮಾತಾಡೋದು. ಅದು ಏನಂದ್ರೂ ತಪ್ಪು ಅನ್ನೋಕೆ ಒಂದು ಜೀವ ಬೇಕು.'

ಅಷ್ಟೇ ಕಣೇ. ಆ ಹೊತ್ತು ಮೀನು ಸೀದುಹೋಯ್ತು. ಅವತ್ತು ನೀನು ಬೈದೆ, ಅತ್ತೆಗೆ ಈಚೆಗೆ ಮರೆವು ಅಂತ.

ವಸೀಲಾ… ಗೊತ್ತು. ನನಗೆ ಗೊತ್ತಿಲ್ವಾ? ನಿನ್ನ ಕೇಳೋಕೆ ಬಂದಾಗ ಅವಳ ಮನೆ ಜಮಖಾನದ ಮೇಲೆ ಕೂತಿದ್ದೋಳು ನಾನು. ಅವಳ ಕೈಯಿಂದ ಬಾದಾಮಿ ಸಿಹಿ ತಿಂದಿದೀನಿ. 'ನಿಮ್ಮ ಮಗಳು ನನ್ನ ಮನೇಲಿ ಮಗಳಾಗಿರ್ತಾಳೆ' ಅಂತ ಅವಳಿಗೆ ಮಾತು ಕೊಟ್ಟಿದೀನಿ. ಅವಳ ಫೋಟೋ ಕೆಲಿಬಿಯಾ ಮನೆ ಗೋಡೇಲೇ ಇರುತ್ತೆ, ಒಂದು ಮೊಳೇನೂ ಅಲ್ಲಾಡಲ್ಲ. ಅವಳ ಪಾತ್ರೆ ಮುಟ್ಟಲ್ಲ. ನಾನು ನನ್ನ ಪಾತ್ರೆ ತಗೊಂಡೇ ಹೋಗ್ತೀನಿ.

ನೋಡು ಮಗಳೇ, ಎಲ್ಲಾ ನಿನ್ನ ಕೈಲಿದೆ. ಅದಕ್ಕೇ ಆರು ತಿಂಗಳು ಇಟ್ಕೊಂಡಿರೋದು. ನೀನು ಯೋಚನೆ ಮಾಡು, ಮಾಹೆರ್ ಮಾಡ್ಲಿ. ನೀನು ಬೇಡ ಅಂದ್ರೆ ಬೇಡ. ಇಲ್ಲಿಗೇ ಬಿಟ್ಟುಬಿಡ್ತೀವಿ, ಯಾರಿಗೂ ಗೊತ್ತಾಗಲ್ಲ. ನಿನ್ನದೊಂದು ಮಾತು, ಅಷ್ಟೇ. ಹ್ಞೂಂ ಅಂದ್ರೆ ಹ್ಞೂಂ, ಉಹ್ಞೂಂ ಅಂದ್ರೆ ಉಹ್ಞೂಂ…

ರಾವ್ದಾ?

ಏನಾದ್ರೂ ಅನ್ನು. ಬೈಯಿ. ಹೂವಿನ ಬುಟ್ಟಿ ಎತ್ತಿ ಎಸಿ, ಬೇಕಾದ್ರೆ…

ಹಾಗೆ ನೆಟ್ಟ ಕಣ್ಣಲ್ಲಿ ನೋಡ್ಬೇಡ್ವೇ. ನೀನೂ ನಿಮ್ಮಪ್ಪನ ಹಾಗೇ. ಸುಮ್ಮನೆ ಕೂತ್ಕೋತೀರಿ, ಎದುರಿಗಿರೋರು ಹೊಟ್ಟೇಲಿರೋದೆಲ್ಲ ಕಕ್ಕೋ ತನಕ. ನಾನು ಹೇಳೋದೆಲ್ಲ ಹೇಳಾಯ್ತು. ಇನ್ನೇನೂ ಇಲ್ಲ. ಇನ್ನೇನಿದೆ? ಅಕ್ಟೋಬರ್. ತಿಳಿ ಹಸಿರು ಬಟ್ಟೆ. ತಾರಸಿ…

ಆಗಿಹೋಗಿದೆ ಕಣೇ!

ಆಗಿಹೋಗಿದೆ. ಕಳೆದ ಗುರುವಾರ. ಹಮಾಮೆತ್‌ಗೆ ಸಾವಿನ ಮನೆಗೆ ಹೋಗ್ಬರ್ತೀನಿ ಅಂದ್ನಲ್ಲ, ಅಲ್ಲಿ ಯಾರೂ ಸತ್ತಿರ್ಲಿಲ್ಲ. ಕೆಲಿಬಿಯಾ ಪುರಸಭೇಲಿ ಸಹಿ ಹಾಕಿ ಬಂದೆ. ಜನವರಿಯಿಂದ ಕಾಗದ ಓಡಾಡಿಸ್ತಿದ್ವಿ. ಅವರ ಹುಟ್ಟಿದ ಕಾಗದ, ನನ್ನ ಹುಟ್ಟಿದ ಕಾಗದ, ಸತ್ತೋರಿಬ್ಬರ ಕಾಗದ. ರಕ್ತಪರೀಕ್ಷೆಗೆ ಹೋದ್ರೆ ಆ ನರ್ಸು 'ಮದುಮಗಳು ಎಲ್ಲಿ ಅಜ್ಜೀ, ಹೊರಗಡೆ ನಿಂತಿದಾಳಾ?' ಅಂತಾಳೆ! ನಾನು ಅಂಗಿ ತೋಳು ಮಡಚಿ ಕೈ ಚಾಚಿದೆ… ಇದಕ್ಕೂ ನಗು ಬರ್ಲಿಲ್ವಾ?

ನಿನ್ನ ಒಪ್ಪಿಗೆ ಕೇಳ್ತೀನಿ ಅಂದಿದ್ದು ಸುಳ್ಳು. ಕೇಳೋ ಧೈರ್ಯ ನನಗೆ ಬರ್ಲಿಲ್ಲ. ನಿಮ್ಮಪ್ಪ ದಿನಾ ಹೇಳೋರು, 'ಮೊದಲು ಮಗಳಿಗೆ ಹೇಳೋಣ, ಬೆಹಿಜಾ, ಮೊದಲು ರಾವ್ದಾಗೆ' ಅಂತ. ಬೇಡ ಬೇಡ ಅಂದೋಳು ನಾನು. ಬೈಯೋದಾದ್ರೆ ನನ್ನೇ ಬೈಯಿ, ಅವರನ್ನಲ್ಲ. ಮಾಹೆರ್ ಬೇಡ ಅಂದಿದ್ರೆ ಅತ್ತು ಕರೆದು ಒಪ್ಪಿಸ್ತಿದ್ದೆ. ಮಗ, ಎಲ್ಲಿ ಹೋಗ್ತಾನೆ? ನೀನು ಬೇಡ ಅಂದಿದ್ರೆ… ಅವರನ್ನ ಬಿಡ್ಬೇಕಿತ್ತು, ಇಲ್ಲ ನಿನ್ನ ಬಿಡ್ಬೇಕಿತ್ತು. ಎರಡೂ ನನ್ನ ಕೈಲಾಗ್ತಿರ್ಲಿಲ್ಲ. ಅದಕ್ಕೇ ಕಳ್ಳಿ ಹಾಗೆ ಮಾಡಿದೆ.

ಒಂದು ಹೇಳ್ತೀನಿ, ಕೇಳು. ಅಲ್ಲಿ ಗುಮಾಸ್ತ ಕೇಳಿದ, 'ಹೆಣ್ಣಿನ ಕಡೆಯೋರು ಯಾರೂ ಬಂದಿಲ್ವಾ?' ಅಂತ. ಸಾಕ್ಷಿಗೆ ಅವರ ಇಬ್ಬರು ಸ್ನೇಹಿತರಿದ್ರು, ದೋಣಿ ಬಣ್ಣ ಕೈಯಲ್ಲೇ ಇತ್ತು. ನನ್ನ ಕಡೆ ಒಂದು ಸಾಲು ಕುರ್ಚಿ, ಎಲ್ಲಾ ಖಾಲಿ. ನನ್ನ ಬಾಯಿಂದ ಬಂದಿದ್ದೇನು ಗೊತ್ತಾ? 'ನನ್ನ ಸೊಸೆ ಬರ್ತಿದಾಳೆ, ದಾರೀಲಿದಾಳೆ' ಅಂದೆ. ನಿನಗೆ ಒಂದು ಮಾತೂ ಹೇಳಿರ್ಲಿಲ್ಲ, ಆದ್ರೂ ಹಾಗಂದೆ. ಆಮೇಲೆ ಸಹಿ ಹಾಕೋ ತನಕ ಆ ಬಾಗಿಲನ್ನೇ ನೋಡ್ತಿದ್ದೆ ಕಣೇ, ನಿಜವಾಗ್ಲೂ ಬಂದ್ಬಿಡ್ತೀಯೇನೋ ಅನ್ನೋ ಹಾಗೆ.

ಅದಕ್ಕೇ ಅಕ್ಟೋಬರ್. ಸಹಿ ಆಗಿದೆ, ಆದ್ರೆ ಮದುವೆ ಆಗಿಲ್ಲ. ನೀನಿಲ್ದೆ ಅದು ಹೇಗೆ ಮದುವೆ?

…ಏನು? ಜೋರಾಗಿ ಹೇಳು, ಕೇಳಿಸ್ಲಿಲ್ಲ.

ಭಾನುವಾರ?

ಯಾವ ಭಾನುವಾರ… ಅಕ್ಟೋಬರ್ ಬೇಡ, ಈ ಭಾನುವಾರಾನಾ?! ಇವತ್ತು ಬುಧವಾರ ಕಣೇ! ಬಟ್ಟೆ ಹೊಲಿದಿಲ್ಲ, ಸಿಹಿ ಕಟ್ಟಿಲ್ಲ, ಮಾಹೆರ್… ಮಾಹೆರ್‌ಗೆ ಯಾರು ಹೇಳೋದು? ನೀನಾ? ನಿಜವಾಗ್ಲೂ ನೀನೇ ಹೇಳ್ತೀಯಾ? ಈಗ್ಲೇನಾ, ಅವನ ಶಾಲೆಗೇ ಹೋಗಿ?

ನಿಲ್ಲೇ! ಕಾಲಿಗೆ ಚಪ್ಪಲಿ ಆದ್ರೂ ಹಾಕ್ಕೊಂಡು ಹೋಗು!